ಡಯೋಡ್ ಕಥೆಯ ಮೊದಲ ಪುಟದಲ್ಲೇ ಭಾರತೀಯನ ಹೆಸರು: ಪೇಟೆಂಟ್ ಬೇಡವೆಂದ ಜಗದೀಶ್ ಚಂದ್ರ ಬೋಸ್

ಮೊಬೈಲ್ ಚಾರ್ಜರ್, ಟಿವಿ, ಮನೆಯ ಎಲ್‌ಇಡಿ ಬಲ್ಬ್, ಚಾವಣಿಯ ಸೋಲಾರ್ ಫಲಕ. ಇವೆಲ್ಲದರ ಒಳಗೂ ಡಯೋಡ್ ಎಂಬ ಪುಟ್ಟ ಬಿಡಿಭಾಗವಿದೆ. ಅದರ ಕೆಲಸ ಸರಳ: ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವುದು, ತಿರುಗಿ ಬಂದರೆ ತಡೆಯುವುದು. ಈ ಗುಣವುಳ್ಳ ಹರಳನ್ನು ಸಾಧನವಾಗಿ ಬಳಸಿ ಪೇಟೆಂಟ್ ಪಡೆದ ಮೊದಲಿಗರಲ್ಲಿ ಒಬ್ಬರು ಕೋಲ್ಕತ್ತಾದ ಕಾಲೇಜು ಮೇಷ್ಟ್ರು. ಅವರೇ ಜಗದೀಶ್ ಚಂದ್ರ ಬೋಸ್. ವಿಶೇಷವೆಂದರೆ, ಆ ಪೇಟೆಂಟ್ ಅವರಿಗೆ ಬೇಕಾಗಿಯೇ ಇರಲಿಲ್ಲ!

ಸಂಬಳ ಮುಟ್ಟದ ಮೂರು ವರ್ಷ

ಬೋಸ್ ಹುಟ್ಟಿದ್ದು 1858ರ ನವೆಂಬರ್ 30ರಂದು, ಈಗ ಬಾಂಗ್ಲಾದೇಶದಲ್ಲಿರುವ ಮೈಮನ್‌ಸಿಂಗ್‌ನಲ್ಲಿ. ತಂದೆ ಭಗವಾನ್ ಚಂದ್ರ ಬೋಸ್ ಸರ್ಕಾರಿ ಅಧಿಕಾರಿ. ಆದರೂ ಮಗನನ್ನು ಮೊದಲು ಸೇರಿಸಿದ್ದು ಇಂಗ್ಲಿಷ್ ಶಾಲೆಗಲ್ಲ, ಊರಿನ ಬಂಗಾಳಿ ಶಾಲೆಗೆ. ಮುಂದೆ ಕೋಲ್ಕತ್ತಾದ ಸೇಂಟ್ ಕ್ಸೇವಿಯರ್ಸ್ ಕಾಲೇಜಿನಲ್ಲಿ ಫಾದರ್ ಲಾಫೋಂ ಅವರ ಪಾಠಗಳು ಭೌತಶಾಸ್ತ್ರದ ರುಚಿ ಹತ್ತಿಸಿದವು.

1880ರಲ್ಲಿ ವೈದ್ಯನಾಗಲು ಲಂಡನ್‌ಗೆ ಹೋದ ಬೋಸ್, ಅನಾರೋಗ್ಯದಿಂದ ಆ ಓದನ್ನು ಕೈಬಿಡಬೇಕಾಯಿತು. ಬಳಿಕ ಕೇಂಬ್ರಿಡ್ಜ್‌ನ ಕ್ರೈಸ್ಟ್ಸ್ ಕಾಲೇಜು ಸೇರಿ ವಿಜ್ಞಾನ ಓದಿದರು. ಅಲ್ಲಿ ಲಾರ್ಡ್ ರೇಲಿ ಅವರ ಗುರುಗಳಲ್ಲೊಬ್ಬರು.

1885ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಆದರೆ ಯುರೋಪಿಯನ್ ಪ್ರಾಧ್ಯಾಪಕರಿಗಿಂತ ಬಹಳ ಕಡಿಮೆ ಸಂಬಳ. ಬೋಸ್ ಜಗಳಕ್ಕೆ ನಿಲ್ಲಲಿಲ್ಲ, ಕೆಲಸವನ್ನೂ ಬಿಡಲಿಲ್ಲ. ಪಾಠ ಮಾಡುತ್ತಲೇ ಮೂರು ವರ್ಷ ಸಂಬಳ ಮುಟ್ಟಲಿಲ್ಲ. ಮನೆಯಲ್ಲಿ ತಂದೆಯ ಸಾಲದ ಹೊರೆ ಇದ್ದ ದಿನಗಳವು. ಕೊನೆಗೆ ಸರ್ಕಾರವೇ ಮಣಿದು ಪೂರ್ಣ ಸಂಬಳವನ್ನು ಹಿಂದಿನ ಬಾಕಿ ಸಮೇತ ಕೊಟ್ಟಿತು.

ರೈಲು ವೇಳಾಪಟ್ಟಿಯೇ ಉಪಕರಣ

ಕಾಲೇಜಿನಲ್ಲಿ ಅವರಿಗೆ ಸಿಕ್ಕಿದ್ದು ಇಕ್ಕಟ್ಟಾದ ಪುಟ್ಟ ಕೋಣೆ. ಉಪಕರಣಗಳನ್ನು ಸ್ಥಳೀಯ ಕುಶಲಕರ್ಮಿಯಿಂದ ಮಾಡಿಸಿಕೊಂಡರು. 1894ರಿಂದ ಅಲ್ಲಿ ಮಿಲಿಮೀಟರ್ ಲೆಕ್ಕದ ಅತಿ ಚಿಕ್ಕ ರೇಡಿಯೋ ಅಲೆಗಳ ಪ್ರಯೋಗ ಶುರುವಾಯಿತು. ಅಲೆಗಳ ಗುಣ ಪರೀಕ್ಷಿಸಲು ತಿರುಚಿದ ಸೆಣಬಿನ ನಾರು, ಹಾಳೆಗಳ ನಡುವೆ ತವರದ ತೆಳು ತಗಡು ಇಟ್ಟ ರೈಲು ವೇಳಾಪಟ್ಟಿ ಪುಸ್ತಕ ಎಲ್ಲವೂ ಬಳಕೆಗೆ ಬಂದವು.

1895ರಲ್ಲಿ ಕೋಲ್ಕತ್ತಾದ ಟೌನ್ ಹಾಲ್‌ನಲ್ಲಿ ಸಾರ್ವಜನಿಕ ಪ್ರದರ್ಶನ ನಡೆಯಿತು. ತಂತಿಯೇ ಇಲ್ಲದೆ, ಗೋಡೆಯ ಆಚೆಗೂ ಹೋದ ಅಲೆ ಗಂಟೆ ಬಾರಿಸಿತು, ಮದ್ದಿನ ಪುಡಿ ಸಿಡಿಸಿತು. 1897ರ ಜನವರಿಯಲ್ಲಿ ಲಂಡನ್‌ನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಅವರು ಉಪನ್ಯಾಸವನ್ನೂ ಕೊಟ್ಟರು.

ತಟ್ಟುವ ಕೆಲಸ ತಪ್ಪಿಸಿದ ಹರಳು

ಅಲೆ ಕಳಿಸಿದರೆ ಸಾಲದು, ಬಂದದ್ದು ತಿಳಿಯಬೇಕಲ್ಲ? ಆಗ ಅದಕ್ಕೆ ಬಳಸುತ್ತಿದ್ದುದು ಲೋಹದ ಪುಡಿ ತುಂಬಿದ ಕೊಹಿಯರರ್ ಎಂಬ ಕೊಳವೆ. ಅಲೆ ಬಡಿದಾಗ ಪುಡಿ ಅಂಟಿಕೊಂಡು ವಿದ್ಯುತ್ ಹರಿಯುತ್ತಿತ್ತು. ಮುಂದಿನ ಸಂಕೇತಕ್ಕೆ ಸಿದ್ಧವಾಗಬೇಕೆಂದರೆ ಕೊಳವೆಯನ್ನು ಪ್ರತಿ ಸಲ ತಟ್ಟಬೇಕಿತ್ತು.

ಬೋಸ್ ಬೇರೆ ದಾರಿ ಹಿಡಿದರು. ಸೀಸದ ಅದಿರಾದ ಗಲೀನಾ ಹರಳಿಗೆ ಲೋಹದ ಮೊನೆಯನ್ನು ಹಗುರವಾಗಿ ಒತ್ತಿ ನಿಲ್ಲಿಸಿದರು. ಅಲೆ ನಿಂತೊಡನೆ ಅದು ತಾನಾಗಿಯೇ ಮೊದಲಿನ ಸ್ಥಿತಿಗೆ ಮರಳುತ್ತಿತ್ತು. ಬೆಳಕಿಗೂ ಸ್ಪಂದಿಸುತ್ತಿತ್ತು. ಕೆಲವು ಹರಳುಗಳಲ್ಲಿ ವಿದ್ಯುತ್ ಒಂದೇ ದಿಕ್ಕಿಗೆ ಸಲೀಸಾಗಿ ಹರಿಯುವುದನ್ನು ಜರ್ಮನಿಯ ಫರ್ಡಿನಾಂಡ್ ಬ್ರೌನ್ 1874ರಲ್ಲೇ ಗುರುತಿಸಿದ್ದರು. ಬೋಸ್ ಕೈಯಲ್ಲಿ ಅಂಥ ಹರಳು ಅಲೆ ಹಿಡಿಯುವ ಸಾಧನವಾಯಿತು.

1901ರಲ್ಲಿ ಲಂಡನ್‌ನಲ್ಲಿದ್ದಾಗ ಟೆಲಿಗ್ರಾಫ್ ಕಂಪನಿಯೊಂದರ ಮಾಲೀಕರು ಪೇಟೆಂಟ್ ಮಾಡಿಸಿ ಲಾಭ ಹಂಚಿಕೊಳ್ಳೋಣ ಎಂದು ಬಂದರು. ಬೋಸ್ ಒಪ್ಪಲಿಲ್ಲ. ಹಣದ ಸೆಳೆತಕ್ಕೆ ಸಿಕ್ಕರೆ ಹೊರಬರುವುದು ಕಷ್ಟ ಎಂಬ ಅಳುಕನ್ನು ಗೆಳೆಯ ರವೀಂದ್ರನಾಥ ಟ್ಯಾಗೋರ್‌ಗೆ ಪತ್ರದಲ್ಲಿ ತೋಡಿಕೊಂಡರು. ಕೊನೆಗೆ ಅಮೆರಿಕದ ಹಿತೈಷಿ ಸಾರಾ ಬುಲ್ ಅವರ ಒತ್ತಾಯದಿಂದ ಅರ್ಜಿ ಸಲ್ಲಿಕೆಯಾಯಿತು. 1904ರ ಮಾರ್ಚ್ 29ರಂದು 755840 ಸಂಖ್ಯೆಯ ಅಮೆರಿಕನ್ ಪೇಟೆಂಟ್ ಬಂತು. ಅರೆವಾಹಕ ಸಾಧನಕ್ಕೆ ಸಿಕ್ಕ ಮೊದಲ ಪೇಟೆಂಟ್ ಎಂದೇ ಇದನ್ನು ಗುರುತಿಸಲಾಗುತ್ತದೆ. ಬೋಸ್ ಮಾತ್ರ ಅದರಿಂದ ದುಡ್ಡು ಮಾಡಲು ಹೋಗಲಿಲ್ಲ. ಅದೇ ವರ್ಷದ ಕೊನೆಯಲ್ಲಿ ಬ್ರಿಟನ್‌ನ ಜಾನ್ ಆಂಬ್ರೋಸ್ ಫ್ಲೆಮಿಂಗ್ ನಿರ್ವಾತ ಕೊಳವೆಯ ಡಯೋಡ್‌ಗೆ ಪೇಟೆಂಟ್ ಕೋರಿದರು.

ಡಯೋಡ್ ಕೆಡುವುದೇಕೆ?

ಇಂದಿನ ಸಿಲಿಕಾನ್ ಡಯೋಡ್‌ನಲ್ಲಿ ಲೋಹದ ಮೊನೆ ಇಲ್ಲ. ಎರಡು ಬಗೆಯ ಸಿಲಿಕಾನ್ ಕೂಡುವ ಗಡಿಯೇ ಅಲ್ಲಿ ಕಾವಲುಗಾರ. ಈ ಗಡಿಯ ಮಹತ್ವ 1940ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ರಸೆಲ್ ಓಲ್ ಅವರಿಂದ ಬೆಳಕಿಗೆ ಬಂತು. ಸರಿ ದಿಕ್ಕಿನಲ್ಲಿ ಸುಮಾರು 0.7 ವೋಲ್ಟ್ ಸಿಕ್ಕರೆ ಗಡಿ ತೆರೆದುಕೊಳ್ಳುತ್ತದೆ, ವಿರುದ್ಧ ದಿಕ್ಕಿನಲ್ಲಿ ಮುಚ್ಚಿರುತ್ತದೆ.

ಮಿತಿ ಮೀರಿದ ಕರೆಂಟ್ ಹರಿದರೆ ಡಯೋಡ್ ಕಾದು ಸುಡುತ್ತದೆ. ವಿರುದ್ಧ ದಿಕ್ಕಿನ ವೋಲ್ಟೇಜ್ ಹೆಚ್ಚಾದರೆ ತಡೆ ಮುರಿಯುತ್ತದೆ. ಆಗ ಅದು ಶಾರ್ಟ್ ಆಗಿ ಎರಡೂ ಕಡೆ ಕರೆಂಟ್ ಬಿಡಬಹುದು, ಫ್ಯೂಸ್ ಹಾರುವುದು ಇದರಿಂದಲೇ. ಇಲ್ಲವೇ ಒಳಗೇ ಕಡಿದುಹೋಗಿ ಪೂರ್ತಿ ನಿಲ್ಲಿಸಬಹುದು. ಹರಳಿನ ಸಾಧನದಲ್ಲಂತೂ ಮೊನೆ ಸ್ವಲ್ಪ ಜರುಗಿದರೂ ಕೆಲಸ ಕೆಡುತ್ತಿತ್ತು.

ದಣಿದ ಲೋಹ ತೋರಿಸಿದ ದಾರಿ

ಬೋಸ್ ಬದುಕಿನ ದೊಡ್ಡ ತಿರುವು ಬಂದದ್ದೂ ಇಂಥದ್ದೇ ಒಂದು ದೋಷದಿಂದ. ತಮ್ಮ ಅಲೆಗ್ರಾಹಕಗಳು ಸತತ ಬಳಕೆಯಿಂದ ಮಂಕಾಗುವುದನ್ನೂ, ಬಿಡುವು ಕೊಟ್ಟರೆ ಚೇತರಿಸಿಕೊಳ್ಳುವುದನ್ನೂ ಅವರು ಗಮನಿಸಿದರು. ಇನ್ನೊಬ್ಬರಾಗಿದ್ದರೆ ಉಪಕರಣ ಕೆಟ್ಟಿದೆ ಎಂದು ಬದಿಗಿಡುತ್ತಿದ್ದರೇನೋ. ಬೋಸ್‌ಗೆ ಮಾತ್ರ ಅದು ದಣಿದ ಸ್ನಾಯುವಿನಂತೆ ಕಂಡಿತು. 1900ರಲ್ಲಿ ಪ್ಯಾರಿಸ್‌ನ ಅಂತಾರಾಷ್ಟ್ರೀಯ ಸಮ್ಮೇಳನದಲ್ಲಿ ಈ ಹೋಲಿಕೆಯನ್ನು ಮಂಡಿಸಿದರು. ಅಲ್ಲಿಂದ ಅವರ ಗಮನ ಗಿಡಗಳ ಸ್ಪಂದನೆಯತ್ತ ಹೊರಳಿತು.

ಇದಕ್ಕೆ ಬೆಲೆಯನ್ನೂ ತೆರಬೇಕಾಯಿತು. ಲಂಡನ್‌ನ ಶರೀರಶಾಸ್ತ್ರಜ್ಞರು ವಿರೋಧಿಸಿದರು. ಇತ್ತ ಅವರು ಬಿಟ್ಟುಬಂದ ರೇಡಿಯೋ ಕ್ಷೇತ್ರದಲ್ಲಿ ಹೆಸರು, ಹಣ ಎರಡೂ ಮಾರ್ಕೋನಿ ಪಾಲಾದವು.

1917ರ ನವೆಂಬರ್ 30ರಂದು, ತಮ್ಮ ಹುಟ್ಟುಹಬ್ಬದ ದಿನವೇ, ಅವರು ಕೋಲ್ಕತ್ತಾದಲ್ಲಿ ಬೋಸ್ ಇನ್‌ಸ್ಟಿಟ್ಯೂಟ್ ತೆರೆದರು. 1920ರಲ್ಲಿ ರಾಯಲ್ ಸೊಸೈಟಿಯ ಫೆಲೋ ಗೌರವ ಸಂದಿತು. 1937ರ ನವೆಂಬರ್ 23ರಂದು, ಈಗ ಜಾರ್ಖಂಡ್‌ನಲ್ಲಿರುವ ಗಿರಿಡೀಹ್‌ನಲ್ಲಿ ಕೊನೆಯುಸಿರೆಳೆದರು. ಎಪ್ಪತ್ತೊಂಬತ್ತು ತುಂಬಲು ಒಂದೇ ವಾರ ಬಾಕಿಯಿತ್ತು.

2012ರಲ್ಲಿ ಜಾಗತಿಕ ಎಂಜಿನಿಯರುಗಳ ಸಂಘಟನೆ ಐಇಇಇ, ಬೋಸ್ ಅವರ ಮಿಲಿಮೀಟರ್ ಅಲೆ ಪ್ರಯೋಗಗಳನ್ನು ಮೈಲಿಗಲ್ಲು ಎಂದು ಘೋಷಿಸಿತು. ಅಂದು ಆ ಇಕ್ಕಟ್ಟಾದ ಕೋಣೆಯಲ್ಲಿ ಹೊಮ್ಮಿದಂಥ ಅಲೆಗಳನ್ನೇ ಇಂದಿನ ಅತಿವೇಗದ 5ಜಿ ತಂತ್ರಜ್ಞಾನವೂ ಬಳಸಿಕೊಳ್ಳುತ್ತಿದೆ.