ಬಲ್ಮಠದ ಉಪದೇಶಿ ಶಾಲೆ ಮತ್ತು ಹೆರ್ಮನ್ ಮೊಗ್ಲಿಂಗ್

ಜುಲೈ 1 ಬಂತೆಂದರೆ ಕನ್ನಡ ಪತ್ರಿಕಾ ದಿನಾಚರಣೆ. ಅಂದಿನ ಭಾಷಣಗಳಲ್ಲಿ ಊರಿನಲ್ಲಾಗಲಿ, ಮುಂಬಯಿಯಲ್ಲಾಗಲಿ ತಪ್ಪದೆ ಕೇಳಿಬರುವ ಹೆಸರು ಹೆರ್ಮನ್ ಮೊಗ್ಲಿಂಗ್ ಅವರದು. 1843ರ ಜುಲೈ 1ರಂದು ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರತಂದವರು ಎಂಬುದು ಎಲ್ಲರಿಗೂ ತಿಳಿದ ವಿಷಯ. ಆದರೆ ಅವರು ಪತ್ರಿಕೆ ನಡೆಸಲೆಂದು ಹಡಗು ಹತ್ತಿ ಬಂದವರಲ್ಲ. ಕ್ರೈಸ್ತ ಉಪದೇಶಿಗಳನ್ನು ತಯಾರು ಮಾಡುವ ಶಾಲೆ ನಡೆಸುವುದು, ಆ ಉಪದೇಶಿಗಳ ಮೂಲಕ ಈ ನಾಡಿನಲ್ಲಿ ಸಭೆಗಳನ್ನು ಕಟ್ಟುವುದು ಅವರ ನಿಜವಾದ ಉದ್ಯೋಗವಾಗಿತ್ತು. ಪತ್ರಿಕೆ, ಪುಸ್ತಕ, ದಾಸರ ಪದಗಳ ಸಂಗ್ರಹ ಎಲ್ಲವೂ ಆ ಶಾಲೆಯ ಅಂಗಳದಲ್ಲಿ ಬೆಳೆದ ಗಿಡಗಳು. ನಮ್ಮ ಸಭೆ ಸಮಾರಂಭಗಳಲ್ಲಿ ಗಿಡದ ಮಾತು ಆಗುತ್ತದೆ, ಅಂಗಳದ ಮಾತು ಆಗುವುದು ಕಡಿಮೆ.

ಮೊಗ್ಲಿಂಗ್ ಹುಟ್ಟಿದ್ದು ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ, 1811ರ ಮೇ 29ರಂದು. ತ್ಯೂಬಿಂಗೆನ್‌ನಲ್ಲಿ ದೇವಶಾಸ್ತ್ರ ಓದಿದರು. ಮಲಯಾಳಂ ನಿಘಂಟಿನಿಂದ ಹೆಸರಾದ ಹೆರ್ಮನ್ ಗುಂಡರ್ಟ್ ಅಲ್ಲಿನ ಗೆಳೆಯ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್ 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರನ್ನು ಮಂಗಳೂರಿಗೆ ಕಳುಹಿಸಿತ್ತು. ಎರಡು ವರ್ಷಗಳ ತರುವಾಯ, 1836ರ ಡಿಸೆಂಬರಿನಲ್ಲಿ, ಇಪ್ಪತ್ತೈದರ ತರುಣ ಮೊಗ್ಲಿಂಗ್ ಬಂದಿಳಿದರು. ಕಾಲ ಸರಿಯಿರಲಿಲ್ಲ. ಕೊಡಗನ್ನು ಕಂಪನಿ ಸರಕಾರ ವಶಪಡಿಸಿಕೊಂಡು ಎರಡೂವರೆ ವರ್ಷವಷ್ಟೇ ಆಗಿತ್ತು. 1837ರ ಏಪ್ರಿಲಿನಲ್ಲಿ ಸುಳ್ಯ, ಪುತ್ತೂರಿನ ಕಡೆಯಿಂದ ಎದ್ದ ರೈತ ದಂಗೆ ಮಂಗಳೂರನ್ನೇ ಕೆಲವು ದಿನ ಕೈವಶ ಮಾಡಿಕೊಂಡಿತು. ಬಿಳಿಯ ಮುಖದವರೆಂದರೆ ಜನರಿಗೆ ಅನುಮಾನವಿದ್ದ ದಿನಗಳವು.

ಪರದೇಶದಿಂದ ಬಂದ ಬೆರಳೆಣಿಕೆಯ ಮಂದಿ ಊರೂರು ತಿರುಗಿ ಉಪದೇಶ ಮಾಡಿದರೆ ಸಭೆ ನಿಲ್ಲುವುದಿಲ್ಲ ಎಂಬುದು ಮೊಗ್ಲಿಂಗ್ ಅವರಿಗೆ ಬೇಗನೆ ಮನವರಿಕೆಯಾಯಿತು. ಜ್ವರ, ಭೇದಿಯಿಂದ ಮಿಷನರಿಗಳು ಸಾಯುತ್ತಿದ್ದರು, ಇಲ್ಲವೇ ಕಾಯಿಲೆ ಹಿಡಿದು ಊರಿಗೆ ಮರಳುತ್ತಿದ್ದರು. ಇಲ್ಲಿನ ಮಕ್ಕಳೇ ಕಲಿತು ಇಲ್ಲಿನ ಭಾಷೆಯಲ್ಲಿ ಸಭೆ ನಡೆಸಬೇಕು ಎಂದು ಅವರು ತೀರ್ಮಾನಿಸಿದರು. ಹುಡುಗರಿಗಾಗಿ ವಸತಿ ಶಾಲೆ ಪ್ರಾರಂಭವಾಯಿತು. ಶಾಲೆ ಒಂದು ಕಡೆ, ದೊರೆಗಳ ಬಂಗಲೆ ಇನ್ನೊಂದು ಕಡೆ ಎಂಬ ಪದ್ಧತಿಯನ್ನು ಮೊಗ್ಲಿಂಗ್ ಇಟ್ಟುಕೊಳ್ಳಲಿಲ್ಲ. ಹುಡುಗರ ಜತೆಯಲ್ಲೇ ವಾಸ. ಅಂದಿನ ಯುರೋಪಿಯನರಲ್ಲಿ ಹಲವರಿಗೆ ಇದು ಹಿಡಿಸುವ ಸಂಗತಿಯಾಗಿರಲಿಲ್ಲ. ಆದರೆ ಅವರ ಕನ್ನಡ ಪುಸ್ತಕದ ಕನ್ನಡವಾಗದೆ ಉಳಿದದ್ದಕ್ಕೆ ಈ ಸಹವಾಸವೇ ಕಾರಣವಿರಬೇಕು.

ಉಪದೇಶಿಯೆಂದರೆ ಬೈಬಲ್ ವಚನ ಬಾಯಿಪಾಠ ಮಾಡಿದರೆ ಸಾಲದು. ಸಂತೆಯಲ್ಲಿ, ಜಾತ್ರೆಯಲ್ಲಿ, ಮನೆಯ ಜಗಲಿಯಲ್ಲಿ ನಿಂತು ಮಾತಾಡಬೇಕು. ಎದುರಿಗೆ ಕುಳಿತವನು ಜೈಮಿನಿ ಭಾರತ ಕೇಳಿ ಬೆಳೆದವನು, ಯಕ್ಷಗಾನದಲ್ಲಿ ಅರ್ಥ ಹೇಳಬಲ್ಲವನು. ಅವನ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಉಪದೇಶಿಗೆ ಅವನಷ್ಟೇ ಕನ್ನಡ ಗೊತ್ತಿರಬೇಕು. ಹಾಗಾಗಿ ಪಾಠಕ್ಕೆ ಕನ್ನಡ ಪುಸ್ತಕಗಳು ಬೇಕಾದವು. ಪುಸ್ತಕಗಳೆಲ್ಲ ತಾಳೆಗರಿಯಲ್ಲಿ, ಕೈಬರಹದ ಕಡತಗಳಲ್ಲಿ ಇದ್ದವು. ಅಚ್ಚಿನ ಯಂತ್ರ ಮಂಗಳೂರಿನಲ್ಲಿ ಇರಲಿಲ್ಲ.

ಇಲ್ಲಿ ನಮ್ಮ ಮುಂಬಯಿಯ ಪಾತ್ರ ಬರುತ್ತದೆ. ಮುಂಬಯಿಯಲ್ಲಿ ಆ ಹೊತ್ತಿಗಾಗಲೇ ಕಲ್ಲಚ್ಚಿನ ಕೆಲಸ ಚೆನ್ನಾಗಿ ಬೇರೂರಿತ್ತು. ಮೊಗ್ಲಿಂಗ್ ಅವರ ಸಹೋದ್ಯೋಗಿ ಗಾಟ್‌ಫ್ರೀಡ್ ವೈಗ್ಲೆ 1841ರಲ್ಲಿ ಇಲ್ಲಿಗೆ ಬಂದು ಕಲ್ಲಚ್ಚಿನ ಯಂತ್ರವನ್ನೂ ಕೆಲಸ ಬಲ್ಲ ಇಬ್ಬರು ಮರಾಠಿ ಮುದ್ರಕರನ್ನೂ ಮಂಗಳೂರಿಗೆ ಕರೆದೊಯ್ದರು. ಕಲ್ಲಚ್ಚಿನಲ್ಲಿ ಮೊಳೆ ಜೋಡಿಸುವ ಗೋಜಿಲ್ಲ. ಜಿಡ್ಡಿನ ಮಸಿಯಿಂದ ಬರೆದದ್ದನ್ನು ನಯವಾದ ಕಲ್ಲಿನ ಮೇಲೆ ಇಳಿಸಿ, ಕಲ್ಲಿಗೆ ನೀರು ಹಚ್ಚಿ ಮಸಿ ಸವರಿದರೆ ಬರಹ ಇದ್ದಲ್ಲಿ ಮಾತ್ರ ಮಸಿ ಹಿಡಿಯುತ್ತದೆ. ಒತ್ತಕ್ಷರ, ಕೊಂಬು, ದೀರ್ಘಗಳಿರುವ ಕನ್ನಡಕ್ಕೆ ಇದು ಅನುಕೂಲ. ಅಂದವಾಗಿ ಬರೆಯುವವನೊಬ್ಬನಿದ್ದರೆ ಸಾಕು. ಮುಂದೆ ಲಕ್ಷಾಂತರ ಪುಸ್ತಕ ಮುದ್ರಿಸಿದ ಬಾಸೆಲ್ ಮಿಷನ್ ಪ್ರೆಸ್‌ನ ಮೊದಲ ಯಂತ್ರ ಹೋದದ್ದು ಮುಂಬಯಿಯಿಂದ, ಅದನ್ನು ಮೊದಲು ನಡೆಸಿದವರು ಮರಾಠಿ ಕೆಲಸಗಾರರು. ಈ ಸಂಗತಿ ಮುಂಬಯಿ ಕನ್ನಡಿಗರು ನೆನಪಿಡತಕ್ಕದ್ದು. ಅದೇ ಕಲ್ಲಚ್ಚಿನಲ್ಲಿ 1843ರಲ್ಲಿ ಹದಿನೈದು ದಿನಕ್ಕೊಮ್ಮೆ ನಾಲ್ಕು ಪುಟಗಳ 'ಮಂಗಳೂರ ಸಮಾಚಾರ' ಹೊರಬಂತು. ಊರ ಸುದ್ದಿ, ಸರಕಾರಿ ನಿರೂಪ, ಅನ್ಯರಾಜ್ಯಗಳ ವಾರ್ತೆ, ಗಾದೆ, ಪುರಂದರದಾಸರ ಪದ ಎಲ್ಲವೂ ಅದರಲ್ಲಿ ಸೇರಿದ್ದವು.

ಶಾಲೆಗೆ ನಿಜವಾದ ಪರೀಕ್ಷೆ ಎದುರಾದದ್ದು ಆ ಬಳಿಕ. ಮಿಷನ್ ಶಾಲೆಗೆ ಮಕ್ಕಳನ್ನು ಕಳುಹಿಸುತ್ತಿದ್ದ ಹಿಂದೂ ತಂದೆತಾಯಂದಿರ ಮನಸ್ಸಿನಲ್ಲಿ ಒಂದು ಭಯ ಸದಾ ಇತ್ತು. ಮುಂಬಯಿಯಲ್ಲಿ ಅದು ಆಗಲೇ ನಿಜವಾಗಿತ್ತು. 1839ರಲ್ಲಿ ಜಾನ್ ವಿಲ್ಸನ್ ಅವರ ಶಾಲೆಯ ಇಬ್ಬರು ಪಾರ್ಸಿ ಯುವಕರು ಕ್ರೈಸ್ತರಾದಾಗ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಶಾಲೆಯಿಂದ ಮಕ್ಕಳು ಗುಂಪುಗುಂಪಾಗಿ ಬಿಟ್ಟುಹೋದರು. 1843ರಲ್ಲಿ ನಾರಾಯಣ ಶೇಷಾದ್ರಿ ಎಂಬ ಬ್ರಾಹ್ಮಣ ಯುವಕನ ದೀಕ್ಷಾಸ್ನಾನವಾಯಿತು. ಅವನ ತಮ್ಮ ಶ್ರೀಪತ ಇನ್ನೂ ಚಿಕ್ಕವನೆಂದು ನ್ಯಾಯಾಲಯ ಅವನನ್ನು ತಂದೆಯ ವಶಕ್ಕೆ ಒಪ್ಪಿಸಿತು. ಆ ಹುಡುಗನನ್ನು ಪ್ರಾಯಶ್ಚಿತ್ತ ಮಾಡಿಸಿ ಜಾತಿಗೆ ಸೇರಿಸಿಕೊಳ್ಳಬಹುದೇ ಎಂದು ಬಾಳಶಾಸ್ತ್ರಿ ಜಾಂಭೇಕರರಂಥ ಪಂಡಿತರು ತಲೆಕೆಡಿಸಿಕೊಳ್ಳಬೇಕಾಯಿತು.

ಇದಾದ ಕೆಲವೇ ತಿಂಗಳಲ್ಲಿ ಮಂಗಳೂರಿನ ಸರದಿ. 1844ರ ಜನವರಿ 6ರಂದು ಮೊಗ್ಲಿಂಗ್ ಅವರ ಶಿಷ್ಯ ಆನಂದರಾವ್ ಕೌಂಡಿನ್ಯ ಹಾಗೂ ಇನ್ನಿಬ್ಬರು ಸಾರಸ್ವತ ಯುವಕರು ದೀಕ್ಷಾಸ್ನಾನ ಹೊಂದಿದರು. ಊರಿನಲ್ಲಿ ದೊಡ್ಡ ಕೋಲಾಹಲವೆದ್ದಿತು. ಮಕ್ಕಳನ್ನು ಶಾಲೆ ಬಿಡಿಸಲಾಯಿತು. ಗುರುವಿನ ಮೇಲಿನ ಗೌರವದಿಂದ ಆನಂದರಾವ್ ತಮ್ಮ ಹೆಸರಿನ ಮುಂದೆ ಹೆರ್ಮನ್ ಎಂದು ಸೇರಿಸಿಕೊಂಡರು. ಚಿಕ್ಕಂದಿನಲ್ಲೇ ಅವರಿಗೆ ಮದುವೆಯಾಗಿತ್ತು. ಮತಾಂತರದ ಬಳಿಕ ಪತ್ನಿ ಅವರ ಬಳಿಗೆ ಬರಲಿಲ್ಲ. ಸಂಪ್ರದಾಯಸ್ಥ ಮನೆಯೊಂದರಲ್ಲಿ ಮಗ ಬದುಕಿದ್ದೂ ಇಲ್ಲದವನಾದ. ಗಂಡನಿದ್ದೂ ಇಲ್ಲದ ಆ ಹುಡುಗಿಯ ಬಾಳು ಹೇಗಾಯಿತು ಎಂಬುದನ್ನು ಮಿಷನ್ ಚರಿತ್ರೆಗಳು ವಿಸ್ತಾರವಾಗಿ ಹೇಳುವುದಿಲ್ಲ. ಮೊಗ್ಲಿಂಗ್ ಅವರನ್ನು ಕನ್ನಡದ ಸೇವಕರೆಂದು ಹೊಗಳುವಾಗ ಈ ಬದಿಯನ್ನು ಮರೆಮಾಚುವುದು ನ್ಯಾಯವಲ್ಲ. ಹಾಗೆಯೇ ಹದಿನೆಂಟು ಹತ್ತೊಂಬತ್ತರ ವಿದ್ಯಾವಂತ ಯುವಕ ತಿಳಿದೇ ಆರಿಸಿಕೊಂಡ ದಾರಿಯನ್ನು ಬರೀ ಮರುಳೆನ್ನುವುದೂ ಸರಿಯಲ್ಲ.

'ಮಂಗಳೂರ ಸಮಾಚಾರ' ಮಂಗಳೂರಿನಲ್ಲಿ ನಿಂತದ್ದು 1844ರ ಫೆಬ್ರವರಿಯಲ್ಲಿ. ಮಾರ್ಚಿನಿಂದ ಅದು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಎಂಬ ಹೆಸರಿನಲ್ಲಿ ಮೊಳೆಯಚ್ಚಿನಲ್ಲಿ ಬಂತು. ಒಟ್ಟು ಎಂಟು ತಿಂಗಳ ಮಂಗಳೂರು ವಾಸ ಅದರದು.

ಮುಂದೆ ಮೊಗ್ಲಿಂಗ್ ಯುರೋಪಿಗೆ ಹೋದಾಗ ಕೌಂಡಿನ್ಯರನ್ನು ಜತೆಯಲ್ಲಿ ಕರೆದುಕೊಂಡು ಹೋದರು. ಬಾಸೆಲ್‌ನ ಸೆಮಿನರಿಯಲ್ಲಿ ಯುರೋಪಿಯನ್ ವಿದ್ಯಾರ್ಥಿಗಳ ಸಾಲಿನಲ್ಲೇ ಕುಳಿತು ಓದಿದ ಕೌಂಡಿನ್ಯರು 1851ರಲ್ಲಿ ಗುರುದೀಕ್ಷೆ ಪಡೆದು ಮಂಗಳೂರಿಗೆ ಮರಳಿದರು. ಮಿಷನ್‌ನ ಚರಿತ್ರೆಯಲ್ಲಿ ಇಂಥ ದೀಕ್ಷೆ ಪಡೆದ ಮೊದಲ ಭಾರತೀಯ ಅವರು. ಅಷ್ಟರಲ್ಲಿ ಇತ್ತ, 1847ರಲ್ಲಿ, ಬಲ್ಮಠದ ಗುಡ್ಡದ ಮೇಲೆ ಮೊಗ್ಲಿಂಗ್ ಅವರ ಉಪದೇಶಿ ಶಾಲೆ ಸೆಮಿನರಿಯಾಗಿ ನೆಲೆಗೊಂಡಿತ್ತು. ಆ ಜಾಗ ಮಿಷನ್‌ಗೆ ದೊರೆತದ್ದು ಕಲೆಕ್ಟರ್ ಬ್ಲೇರ್ ಅವರ ನೆರವಿನಿಂದ. ಕಲಿತು ಹೊರಬಂದ ಉಪದೇಶಿಗಳು ಕರಾವಳಿಯ ಸಣ್ಣಪುಟ್ಟ ಸಭೆಗಳನ್ನು ನೋಡಿಕೊಂಡರು. ಸಂಬಳ ಕಡಿಮೆ, ನಡಿಗೆ ಜಾಸ್ತಿ. ಜಾತಿ ಬಿಟ್ಟವನಿಗೆ ಊರ ಬಾವಿ, ಕುಲಕಸುಬು, ನೆಂಟರ ಮನೆ ಎಲ್ಲವೂ ಮುಚ್ಚಿಹೋಗುತ್ತಿದ್ದುದರಿಂದ ಸಭೆ ಕಟ್ಟುವುದೆಂದರೆ ಬದುಕಿಗೊಂದು ದಾರಿ ಮಾಡಿಕೊಡುವುದೂ ಆಗಬೇಕಿತ್ತು. ಮಿಷನ್ ಮುಂದೆ ನೇಯ್ಗೆ ಕಾರ್ಖಾನೆ, 1865ರಲ್ಲಿ ಜೆಪ್ಪುವಿನ ಹೆಂಚಿನ ಕಾರ್ಖಾನೆ ಇತ್ಯಾದಿ ನಡೆಸಿದ್ದರ ಹಿಂದೆ ಈ ಕಷ್ಟವಿತ್ತು. ಮುಂಬಯಿಯ ಹಳೆಯ ಚಾಳುಗಳ ಮಾಡಿಗೂ ಏರಿದ ಮಂಗಳೂರು ಹೆಂಚಿನ ಕಥೆ ಅಲ್ಲಿಂದಲೇ ಶುರು.

ಬಲ್ಮಠದ ಅದೇ ವರ್ಷಗಳಲ್ಲಿ ಮೊಗ್ಲಿಂಗ್ ಅವರ ಅತಿ ದೊಡ್ಡ ಕನ್ನಡ ಕೆಲಸವೂ ನಡೆಯಿತು. ಕಾಸಾಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು ಹಣ ಕೊಡಲು ಮುಂದೆ ಬಂದರು. 'ಬಿಬ್ಲಿಯೋಥೆಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ 1848ರಿಂದ ಬಸವ ಪುರಾಣ, ಚೆನ್ನಬಸವ ಪುರಾಣ, ಜೈಮಿನಿ ಭಾರತ, ರಾವಣ ದಿಗ್ವಿಜಯ ಯಕ್ಷಗಾನ ಮೊದಲಾದವು ಕಲ್ಲಚ್ಚಿನಲ್ಲಿ ಬಂದವು. 1850ರಲ್ಲಿ 170ಕ್ಕೂ ಹೆಚ್ಚು ಪದಗಳ 'ದಾಸರ ಪದಗಳು' ಪ್ರಕಟವಾಯಿತು. ಬಾಯಿಂದ ಬಾಯಿಗೆ ಬಂದ ಹರಿದಾಸರ ಹಾಡುಗಳು ಅಚ್ಚಿನಲ್ಲಿ ಸೇರಿ ಬಂದದ್ದು ಅದೇ ಮೊದಲು. ಏಸುವಿನ ಉಪದೇಶಿಗಳನ್ನು ತಯಾರು ಮಾಡುವ ಮನೆಯಲ್ಲಿ ಪುರಂದರ ವಿಠಲನ ಅಂಕಿತದ ಪದಗಳು ಅಚ್ಚಾದವು! ಇದರಲ್ಲಿ ವಿರೋಧಾಭಾಸ ಕಾಣುವವರಿದ್ದಾರೆ. ಮೊಗ್ಲಿಂಗ್ ಅವರ ಲೆಕ್ಕದಲ್ಲಿ ಅದು ಒಂದೇ ಕೆಲಸ. ಜನರ ಮನಸ್ಸು ತಿಳಿಯದೆ ಜನರಿಗೆ ಉಪದೇಶ ಮಾಡಲಾಗದು, ಆ ಮನಸ್ಸು ಇರುವುದು ಅವರ ಹಾಡಿನಲ್ಲಿ. ಆದರೆ ಹೀಗೆ ತಿಳಿಯಲು ಹೋದವರು ಆ ಹಾಡುಗಳನ್ನು ಪ್ರೀತಿಸತೊಡಗಿದ್ದೂ ನಿಜ. ಇಲ್ಲದಿದ್ದರೆ ತಾಯ್ನಾಡಿಗೆ ಮರಳಿದ ಮೇಲೂ ಕನ್ನಡ ಪದಗಳನ್ನು ಜರ್ಮನ್ ಪದ್ಯಗಳಾಗಿ ಅನುವಾದಿಸಿ ವಿದ್ವತ್ ಪತ್ರಿಕೆಯಲ್ಲಿ ಪ್ರಕಟಿಸುವ ಅಗತ್ಯ ಅವರಿಗೇನಿತ್ತು? 1858ರಲ್ಲಿ ತ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಕಿಟೆಲ್ ಅವರಿಗೆ ಅದೇ ವಿಶ್ವವಿದ್ಯಾಲಯದ ಗೌರವ ಸಿಕ್ಕಿದ್ದು 1896ರಲ್ಲಿ, ಎಂದರೆ 38 ವರ್ಷಗಳ ನಂತರ.

ಸೆಮಿನರಿ ನೆಲೆ ನಿಂತಮೇಲೆ ಮೊಗ್ಲಿಂಗ್ ವಿಶ್ರಾಂತಿ ಪಡೆಯಬಹುದಿತ್ತು. ಆರೋಗ್ಯ ಕೆಟ್ಟಿತ್ತು. ಆಗ ಸೋಮಯ್ಯ ಎಂಬ ಕೊಡವರು ಮಂಗಳೂರಿನಲ್ಲಿ ಕ್ರೈಸ್ತರಾಗಿ ಸ್ಟೀಫನಸ್ ಸೋಮಯ್ಯ ಎನಿಸಿದರು. ಕೊಡಗಿನ ಕೊನೆಯ ಅರಸನ ಮಗಳು ಗೌರಮ್ಮ 1852ರಲ್ಲಿ ಲಂಡನಿನಲ್ಲಿ ವಿಕ್ಟೋರಿಯಾ ರಾಣಿಯ ಸಾಕ್ಷಿಯಲ್ಲಿ ದೀಕ್ಷಾಸ್ನಾನ ಪಡೆದ ಸುದ್ದಿಯೂ ಹಬ್ಬಿದ್ದ ಕಾಲ. 1853ರಲ್ಲಿ ಮೊಗ್ಲಿಂಗ್ ತಮ್ಮ ಸ್ವಂತ ಜವಾಬ್ದಾರಿಯ ಮೇಲೆ ಘಟ್ಟ ಹತ್ತಿ ಸೋಮಯ್ಯನವರ ಊರು ಆಲ್ಮಂಡಕ್ಕೆ ಹೋದರು. ಸೋಮಯ್ಯನವರನ್ನು ಜಾತಿಯವರು ಹೊರಗಿಟ್ಟರು. ಮತ ಬದಲಿಸಿದವನ ಆಸ್ತಿ ಹಕ್ಕು ಹೋಗಕೂಡದೆಂದು 1850ರ 21ನೆಯ ಕಾಯ್ದೆ ಹೇಳುತ್ತಿತ್ತು. ಆದರೆ ಕಾಯ್ದೆ ಭೂಮಿಯನ್ನು ಉಳಿಸಿಕೊಟ್ಟರೂ ನೆರೆಹೊರೆಯನ್ನು ಉಳಿಸಿಕೊಡುವುದಿಲ್ಲ. ಕೊಡವರು ಹೆಚ್ಚು ಮಂದಿ ಬರಬಹುದೆಂಬ ಮೊಗ್ಲಿಂಗ್ ಅವರ ನಿರೀಕ್ಷೆ ಕೈಗೂಡಲಿಲ್ಲ. ಬಂದವರು ಬೇರೆಯವರು. ಗದ್ದೆಗಳಲ್ಲಿ ತಲೆತಲಾಂತರದಿಂದ ಜೀತ ಮಾಡುತ್ತಿದ್ದ ದಲಿತ ಕುಟುಂಬಗಳು ಸಭೆ ಸೇರಿದವು. ಅವರಿಗಾಗಿ ಸಿದ್ದಾಪುರದ ಸಮೀಪ ಕಾಫಿ ತೋಟವಿರುವ ಆನಂದಪುರ ಎಂಬ ಊರೇ ಎದ್ದಿತು. ಅದರ ಹಿಂದೆ ದುಡಿದವರು ಕೌಂಡಿನ್ಯರು. ಊರಿಗೆ ಬಂದದ್ದೂ ಅವರ ಹೆಸರೇ. ಯಾರಿಗಾಗಿ ಘಟ್ಟ ಹತ್ತಿದರೋ ಅವರು ದೂರವೇ ಉಳಿದು, ಯಾರೂ ಲೆಕ್ಕಕ್ಕೆ ಹಿಡಿಯದಿದ್ದವರು ಸಭೆಯಾದದ್ದು ಮೊಗ್ಲಿಂಗ್ ಅವರ ಬಾಳಿನ ಮುಖ್ಯ ಘಟನೆಯೆನ್ನಬಹುದು. 1855ರಲ್ಲಿ ಅವರು 'ಕೂರ್ಗ್ ಮೆಮೊಯರ್ಸ್' ಎಂಬ ಇಂಗ್ಲಿಷ್ ಗ್ರಂಥವನ್ನೂ ಬರೆದರು. ಕೊಡಗಿನ ಚರಿತ್ರೆ ಬರೆಯುವವರು ಇಂದಿಗೂ ಅದನ್ನು ತೆರೆದು ನೋಡಲೇಬೇಕು.

ಮುಂಬಯಿಯಿಂದ ಕಲ್ಲಚ್ಚು ತಂದ ವೈಗ್ಲೆ 1855ರಲ್ಲಿ ತೀರಿಕೊಂಡರು. ಅವರ ವಿಧವೆ ಪೌಲಿನಾ ಅವರನ್ನು ಮೊಗ್ಲಿಂಗ್ ಮರುವರ್ಷ ಮದುವೆಯಾದರು. ಪತ್ನಿಯ ಅನಾರೋಗ್ಯದ ಕಾರಣ 1860ರಲ್ಲಿ ಭಾರತವನ್ನು ಬಿಡಬೇಕಾಯಿತು. ಮತ್ತೆ ಬರಲಾಗಲಿಲ್ಲ. 1881ರ ಮೇ 10ರಂದು ಎಸ್ಲಿಂಗೆನ್‌ನಲ್ಲಿ ನಿಧನ ಹೊಂದಿದರು. ಮರುವರ್ಷ ಅವರ ಜೀವನಚರಿತ್ರೆಯನ್ನು ಪ್ರಕಟಿಸಿದವರು ಹಳೆಯ ಗೆಳೆಯ ಗುಂಡರ್ಟ್.

ಬಲ್ಮಠದ ಶಾಲೆ ಮಾತ್ರ ಮುಂದುವರಿಯಿತು. ಅದರ ಶಿಷ್ಯರಾಗಿದ್ದ ಕೌಂಡಿನ್ಯರೇ ಅಲ್ಲಿ ಅಧ್ಯಾಪಕರಾಗಿ ಮುಂದಿನ ತಲೆಮಾರಿನ ಉಪದೇಶಿಗಳಿಗೆ ಪಾಠ ಹೇಳಿದರು. ಅವರು ತೀರಿಕೊಂಡದ್ದು 1893ರಲ್ಲಿ. ಆ ಉಪದೇಶಿಗಳ, ಅವರ ಸಭೆಗಳ ಮಕ್ಕಳು ಮೊಮ್ಮಕ್ಕಳೇ ಸೋನ್ಸ್, ಜತ್ತನ್ನ, ಅಮ್ಮನ್ನ ಮುಂತಾದ ಮನೆತನಗಳವರು. ಉಳಿದ ಕರಾವಳಿಗರಂತೆ ಅವರಲ್ಲೂ ಕೆಲವರು ಕೆಲಸ ಹುಡುಕಿಕೊಂಡು ಮುಂಬಯಿಗೆ ಬಂದರು. 1965ರಲ್ಲಿ ಅದೇ ಬಲ್ಮಠದಲ್ಲಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಸ್ಥಾಪನೆಯಾಯಿತು. ಕನ್ನಡ ಸಭಾಪಾಲಕರಿಗೆ ಅಲ್ಲಿ ತರಬೇತಿ ನೀಡಲಾಗುತ್ತಿದೆ.