ಇನ್ನೊಂದು ಬೀಜದಳ ಎಲ್ಲಿ? – ಬಿ.ಜಿ.ಎಲ್. ಸ್ವಾಮಿ

ಬ್ಯಾಡಗಿಯ ಪ್ರೌಢಶಾಲೆಯೊಂದರಲ್ಲಿ ನನ್ನ ಅಭ್ಯಾಸ ಪಾಠ; ವಿಷಯ ಏಕದಳ, ದ್ವಿದಳ ಸಸ್ಯಗಳು. ಮೊಳೆತ ಮೆಣಸಿನಕಾಯಿ ಬೀಜದ ಎರಡು ಬೀಜದಳಗಳನ್ನೂ, ರಾಣೆಬೆನ್ನೂರಿನಿಂದ ತಂದು ನೆನೆಸಿ ಸೀಳಿದ ಗೋವಿನಜೋಳದ ಕಾಳಿನ ಒಂದೇ ದಳವನ್ನೂ ತೋರಿಸಿದೆ. ಹಾವೇರಿ ಕಡೆಯ ಕೆರೆಯಂಚಿನ ಜೊಂಡೂ ಏಕದಳವೇ ಎಂದೆ. ಇನ್ನೊಂದು ದಳ ಎಲ್ಲಿ ಹೋಯಿತು ಎಂದು ಒಬ್ಬ ಹುಡುಗಿ ಕೇಳಿದಳು. ಅದು ಪಠ್ಯದಲ್ಲಿಲ್ಲ ಎಂದು ಕೂರಿಸಿದೆ. ಪಾಠ ಸಮಯಕ್ಕೆ ಮುಗಿಯಿತು. ಅವಳು ಮತ್ತೆ ಕೈ ಎತ್ತಲಿಲ್ಲ.

ಆ ಪ್ರಶ್ನೆಯ ಹತ್ತಿರವೇ ಬಿ.ಜಿ.ಎಲ್. ಸ್ವಾಮಿ ದುಡಿದಿದ್ದರೆಂದು ಆಮೇಲೆ ಓದಿ ತಿಳಿದೆ. 1918ರಲ್ಲಿ ಡಿ.ವಿ. ಗುಂಡಪ್ಪನವರ ಮಗನಾಗಿ ಹುಟ್ಟಿದ ಅವರು ಬೆಂಗಳೂರಿನಲ್ಲಿ ಓದಿ, ಆರ್ಕಿಡ್‌ಗಳ ಭ್ರೂಣವನ್ನು ಅಧ್ಯಯನ ಮಾಡಿ, ಹಾರ್ವರ್ಡ್‌ನಲ್ಲಿ ಇರ್ವಿಂಗ್ ಬೈಲಿಯವರ ಬಳಿ ಸಂಶೋಧನೆ ನಡೆಸಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ, ಪ್ರಾಂಶುಪಾಲರಾಗಿ ದುಡಿದರು. ಕಡಲಹುಲ್ಲು ಹ್ಯಾಲೋಫಿಲ, ಸಿಹಿನೀರಿನ ಒಟ್ಟೀಲಿಯ – ಈ ಏಕದಳ ಜಲಸಸ್ಯಗಳ ಭ್ರೂಣದಲ್ಲಿ ಒಂಟಿ ಬೀಜದಳವೂ ಕಾಂಡದ ತುದಿಯೂ ಹೇಗೆ ಮೂಡುತ್ತವೆಂದು ಹಂತಹಂತವಾಗಿ ನೋಡಿ 1962–63ರಲ್ಲಿ ಪ್ರಬಂಧಗಳನ್ನು ಪ್ರಕಟಿಸಿದರು. ವಿದ್ಯಾರ್ಥಿಗಳೊಡನೆ ಸಸ್ಯ ಹುಡುಕಿ ಅಲೆದ ಅನುಭವವನ್ನು ತಾವೇ ಬಿಡಿಸಿದ ಚಿತ್ರಗಳೊಂದಿಗೆ ಬರೆದ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. 1980ರಲ್ಲಿ ತೀರಿಕೊಂಡರು.

ಪ್ರಶಿಕ್ಷಣಾರ್ಥಿ ಮಿತ್ರರೆ, ಮುಂದಿನ ಪಾಠದಲ್ಲಿ ಆ ಹುಡುಗಿಯ ಪ್ರಶ್ನೆಯನ್ನೇ ಕರಿಹಲಗೆಯ ಮೇಲೆ ಬರೆದೆ. ಸೀಳಿದ ಕಾಳು, ಭೂತಗನ್ನಡಿ ಕೊಟ್ಟು, ಕಂಡದ್ದನ್ನು ಚಿತ್ರ ಬಿಡಿಸಲು ಹೇಳಿದೆ. ಅವಳೇ ಮೊದಲು ಬಿಡಿಸಿ ತೋರಿಸಿದಳು. ಪಾಠಯೋಜನೆ ಅರ್ಧಕ್ಕೇ ನಿಂತಿತು. ವೀಕ್ಷಣಾ ಪುಸ್ತಕದಲ್ಲಿ ಅದನ್ನು ಹಾಗೆಯೇ ಬರೆದಿದ್ದೇನೆ.