ಐವತ್ತೇಳು ಕಿಲೋದ ಪೈಲವಾನ

ನಮ್ಮೂರು ಬನಹಟ್ಟಿ. ಮಗ್ಗದ ಸದ್ದು ಕೇಳದಿದ್ದರೆ ನಮಗೆ ನಿದ್ದೆ ಹತ್ತುವುದಿಲ್ಲ. ನಮ್ಮ ಮನೆಯಲ್ಲಿ ನಾಲ್ಕು ಪವರ್‌ಲೂಮ್ ಇದ್ದವು, ಈಗ ಎರಡಿವೆ. ಉಳಿದೆರಡು ನನ್ನ ಬಿ.ಇ. ಫೀ ಕಟ್ಟಲು ಹೋದವು. ಅವ್ವನ ಬೋರಮಾಳ ಸರ ಎರಡು ವರ್ಷದಿಂದ ಬ್ಯಾಂಕಿನಲ್ಲಿ ಅಡವಿದೆ. ಇಷ್ಟೆಲ್ಲ ಆಗಿಯೂ ನಾನು ನಾಲ್ಕನೇ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಎರಡು ವಿಷಯ ಬ್ಯಾಕ್ ಉಳಿಸಿಕೊಂಡಿದ್ದೆ.

ಫಲಿತಾಂಶ ಬಂದ ವಾರ ಬಾಗಲಕೋಟೆಯಿಂದ ಊರಿನ ಬಸ್ಸು ಹತ್ತಿದೆ. ಬೀಳಗಿ ದಾಟಿ ಜಮಖಂಡಿ ಮುಟ್ಟುವವರೆಗೂ ತಲೆಯಲ್ಲಿ ಒಂದೇ ಲೆಕ್ಕ. ಕಾಲೇಜು ಬಿಟ್ಟು ಮುಧೋಳದ ಕಡೆ ಯಾವುದಾದರೂ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಹಿಡಿದರೆ ಅವ್ವನ ಸರ ಬಿಡಿಸಲು ಎಷ್ಟು ತಿಂಗಳು ಬೇಕು? ಲೆಕ್ಕ ಸರಿಯಾಗಿಯೇ ಬಂತು. ಆದರೆ ಮನೆಯಲ್ಲಿ ಅದನ್ನು ಹೇಳುವ ಧೈರ್ಯ ಬರಲಿಲ್ಲ.

ಮರುದಿನ ನಸುಕಿನಲ್ಲಿ ಕಾಕಾ ನನ್ನನ್ನು ಎಬ್ಬಿಸಿ ಗರಡಿ ಮನೆಗೆ ಕರೆದೊಯ್ದರು. ಪಿಯುಸಿವರೆಗೆ ನಾನು ಅಲ್ಲೇ ಸಾಮು ಮಾಡಿದವನು. ಆಗ ನನ್ನ ತೂಕ ಸರಿಯಾಗಿ 57 ಕಿಲೋ. ಜಾತ್ರೆಯ ಕುಸ್ತಿಗಳಲ್ಲಿ ಸಣ್ಣ ಜೋಡಿಗಳಲ್ಲಿ ಆಡಿ ತೆಂಗಿನಕಾಯಿ, ಟವೆಲ್ಲು, ಐವತ್ತು ನೂರು ರೂಪಾಯಿ ಗೆದ್ದವನು. ಗರಡಿಯ ಗೋಡೆಯ ಮೇಲೆ ಹನುಮಪ್ಪನ ಪಟದ ಪಕ್ಕದಲ್ಲಿ ಹಳೆಯ ಪೈಲವಾನರ ಫೋಟೊ ಸಾಲಾಗಿವೆ. ದಪ್ಪ ಕುತ್ತಿಗೆಯ, ದೊಡ್ಡ ಮೀಸೆಯ ಆ ಸಾಲಿನಲ್ಲಿ ಒಬ್ಬ ಸಣ್ಣ ಆಳಿನ ಚಿತ್ರವೂ ಇದೆ. ಯಾವುದೋ ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ್ದು, ಹಳದಿಯಾಗಿದೆ. ಅವರು ಯಾರು ಗೊತ್ತೇನು ಎಂದು ಕಾಕಾ ಕೇಳಿದರು. ಆರು ವರ್ಷ ದಿನಾ ಆ ಚಿತ್ರದ ಮುಂದೆ ಲಂಗೋಟಿ ಕಟ್ಟಿದವನಿಗೆ ಗೊತ್ತಿರಲಿಲ್ಲ. ನಾಚಿಕೆಯಾಯಿತು. ಆಮೇಲೆ ಸಿಕ್ಕಿದ್ದನ್ನೆಲ್ಲ ಹುಡುಕಿ ಓದಿದೆ. ಅವರು ಖಾಶಾಬಾ ದಾದಾಸಾಹೇಬ ಜಾಧವ. ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸ್‌ನಲ್ಲಿ ಮೊದಲ ವೈಯಕ್ತಿಕ ಪದಕ ತಂದವರು.

ಖಾಶಾಬಾ ಹುಟ್ಟಿದ್ದು 1926ರ ಜನವರಿ 15ರಂದು, ಸಾತಾರಾ ಜಿಲ್ಲೆಯ ಕರಾಡದ ಹತ್ತಿರ ಗೋಳೇಶ್ವರ ಎಂಬ ಹಳ್ಳಿಯಲ್ಲಿ. ಕರಾಡದಲ್ಲಿ ಕೊಯ್ನಾ ನದಿ ಕೃಷ್ಣೆಯನ್ನು ಕೂಡುತ್ತದೆ. ಅದೇ ನೀರು ಸಾಂಗ್ಲಿ ದಾಟಿ ನಮ್ಮ ಹಿಪ್ಪರಗಿ ಬ್ಯಾರೇಜಿಗೆ ಬಂದು, ಜಮಖಂಡಿ, ಬೀಳಗಿ ತಾಲ್ಲೂಕುಗಳನ್ನು ಹಾದು ಆಲಮಟ್ಟಿ ಸೇರುತ್ತದೆ. ಕೊಯ್ನಾದಿಂದ ನೀರು ಬಿಟ್ಟರು ಎಂದರೆ ನಮ್ಮ ನದಿದಂಡೆಯವರು ದನಕರು ಹೊಡೆದುಕೊಂಡು ಮೇಲಕ್ಕೆ ಬರುವುದು ಇಂದಿಗೂ ಇದೆ. ಭಾಷೆ ಬೇರೆ ಇರಬಹುದು, ಖಾಶಾಬಾ ನಮ್ಮ ಹೊಳೆಯ ಮೇಲಿನೂರಿನವರು. ಇನ್ನೊಂದು ನಂಟೂ ಇದೆ. ಜಮಖಂಡಿ, ಮುಧೋಳ ಸಂಸ್ಥಾನಗಳು 1948ರಲ್ಲಿ ಮುಂಬೈ ಪ್ರಾಂತ್ಯಕ್ಕೆ ಸೇರಿದವು. 1956ರಲ್ಲಿ ರಾಜ್ಯಗಳ ಮರುವಿಂಗಡಣೆ ಆಗುವವರೆಗೆ ಅವರೂ ನಮ್ಮ ಹಿರಿಯರೂ ಒಂದೇ ರಾಜ್ಯದ ಪ್ರಜೆಗಳು.

ತಂದೆ ದಾದಾಸಾಹೇಬರೇ ಪೈಲವಾನರು. ಐದು ಗಂಡುಮಕ್ಕಳಲ್ಲಿ ಖಾಶಾಬಾ ಕೊನೆಯವರು. ಎಳೆ ವಯಸ್ಸಿನಲ್ಲೇ ತಂದೆಯಿಂದ ಕುಸ್ತಿಯ ಪಟ್ಟು ಕಲಿತರು. ಕರಾಡದ ತಿಲಕ್ ಹೈಸ್ಕೂಲಿನಲ್ಲಿ ಓದುವಾಗ 1942ರ ಚಲೇಜಾವ್ ಚಳವಳಿ ಬಂತು. ಹುಡುಗ ಅದರಲ್ಲೂ ಕೈಜೋಡಿಸಿದ. ಮುಂದೆ ಓದಲು ಕೊಲ್ಲಾಪುರದ ರಾಜಾರಾಮ್ ಕಾಲೇಜು ಸೇರಿದರು. ಕುಸ್ತಿ ಎಂದರೆ ಕೊಲ್ಲಾಪುರ ಎನ್ನುವ ಕಾಲ ಅದು. ನಮ್ಮ ಕಡೆಯ ಪೈಲವಾನರೂ ತಾಲೀಮಿಗೆ ಅಲ್ಲಿಗೇ ಹೋಗುತ್ತಿದ್ದರು.

ಅಲ್ಲಿ ಮೊದಲ ಪೆಟ್ಟು ಬಿತ್ತು. ಕಾಲೇಜಿನ ವಾರ್ಷಿಕ ಕುಸ್ತಿಗೆ ಹೆಸರು ಕೊಡಲು ಹೋದರೆ, ಇಷ್ಟು ಸಣಕಲು ಹುಡುಗನಿಗೆ ಕುಸ್ತಿ ಬೇಡ ಎಂದು ಕ್ರೀಡಾ ಶಿಕ್ಷಕರು ವಾಪಸ್ ಕಳಿಸಿದರು. ಖಾಶಾಬಾ ನೇರ ಪ್ರಿನ್ಸಿಪಾಲ್ ಖರ್ಡೇಕರ್ ಅವರ ಬಳಿ ಹೋದರು. ಪ್ರಿನ್ಸಿಪಾಲರು ಅವಕಾಶ ಕೊಟ್ಟರು. ಸಣಕಲು ಹುಡುಗ ತನಗಿಂತ ದೊಡ್ಡವರನ್ನು ಚಿತ್ ಮಾಡಿದ. ಎದುರಾಳಿಯ ಕುತ್ತಿಗೆಯನ್ನು ತೋಳಿನಲ್ಲಿ ಸಿಕ್ಕಿಸಿ ಎತ್ತಿ ಒಗೆಯುವ ಢಾಕ್ ಎಂಬ ಪಟ್ಟು ಅವರ ಕೈಗೆ ಕುದುರಿತ್ತು. ಗಾತ್ರ ಕಡಿಮೆ ಇದ್ದವನಿಗೆ ಚುರುಕುತನವೇ ಬಂಡವಾಳ.

1948ರಲ್ಲಿ ಲಂಡನ್ ಒಲಿಂಪಿಕ್ಸ್. ಕೊಲ್ಲಾಪುರ ಮಹಾರಾಜರು ಪ್ರಯಾಣದ ಖರ್ಚು ಕೊಟ್ಟರು. ಹುಟ್ಟಿನಿಂದ ಕೆಂಪು ಮಣ್ಣಿನಲ್ಲಿ ಆಡಿದ 22ರ ಹುಡುಗ ಅಲ್ಲಿ ಮ್ಯಾಟಿನ ಮೇಲೆ ನಿಲ್ಲಬೇಕಾಯಿತು. ಎರಡಕ್ಕೂ ಎಷ್ಟು ಅಂತರ ಎಂದು ಮಣ್ಣಿನಲ್ಲಿ ಆಡಿದವರಿಗೆ ಗೊತ್ತು. ಮಣ್ಣಿನಲ್ಲಿ ಪಾದ ನಾಟುತ್ತದೆ, ಮ್ಯಾಟಿನಲ್ಲಿ ಜಾರುತ್ತದೆ. ನಮ್ಮ ಜಂಗಿ ಕುಸ್ತಿ ಒಬ್ಬರ ಬೆನ್ನು ನೆಲಕ್ಕೆ ಹತ್ತುವವರೆಗೂ ನಡೆಯುತ್ತದೆ. ಅಲ್ಲಿ ಗಡಿಯಾರವಿದೆ, ಅಂಕವಿದೆ, ತೂಕದ ವಿಭಾಗವಿದೆ. ಅಮೆರಿಕದ ಮಾಜಿ ಕುಸ್ತಿಪಟು ರೀಸ್ ಗಾರ್ಡ್ನರ್ ಅವರಿಂದ ಖಾಶಾಬಾ ಅಲ್ಲೇ ಆ ನಿಯಮಗಳನ್ನು ಕಲಿತರು. 52 ಕಿಲೋ ಒಳಗಿನ ಫ್ಲೈವೇಟ್ ವಿಭಾಗದಲ್ಲಿ ಆಸ್ಟ್ರೇಲಿಯಾ ಮತ್ತು ಅಮೆರಿಕದ ಪೈಲವಾನರನ್ನು ಸೋಲಿಸಿ ಆರನೇ ಸ್ಥಾನ ಪಡೆದರು. ಪದಕ ಬರಲಿಲ್ಲ, ಆದರೆ ಏನು ಕಲಿಯಬೇಕು ಎನ್ನುವುದು ಗೊತ್ತಾಯಿತು.

ಮುಂದಿನ ನಾಲ್ಕು ವರ್ಷ ಅದನ್ನೇ ಕಲಿತರು. ತೂಕ ಹೆಚ್ಚಿಸಿಕೊಂಡು 57 ಕಿಲೋದ ಬ್ಯಾಂಟಮ್‌ವೇಟ್‌ಗೆ ಬಂದರು. ನನ್ನದೇ ತೂಕ! ಅದನ್ನು ಓದಿದಾಗ ನನಗೆ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಅವರೇ ಕೂತಂತಾಯಿತು.

1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಹೋಗುವ ದಾರಿ ಮಾತ್ರ ಸುಲಭವಾಗಿರಲಿಲ್ಲ. ಮದ್ರಾಸಿನಲ್ಲಿ ನಡೆದ ಆಯ್ಕೆಯಲ್ಲಿ ಒಂದೇ ಒಂದು ಅಂಕ ಕಡಿಮೆ ಕೊಟ್ಟು ತಮ್ಮನ್ನು ಹೊರಗಿಟ್ಟರು ಎಂಬುದು ಅವರ ದೂರು. ಇಲ್ಲಿ ಎಷ್ಟೋ ಜನ ಓದುಗರು ತಲೆಯಾಡಿಸುತ್ತೀರಿ ಎಂದು ಗೊತ್ತು. ಒಂದು ಅಂಕದಿಂದ ಕೆಲಸ ತಪ್ಪಿದವರು ನಮ್ಮಲ್ಲಿ ಓಣಿಗೊಬ್ಬರಿದ್ದಾರೆ. ಖಾಶಾಬಾ ಹಣೆಬರಹ ಎಂದು ಊರಿಗೆ ಮರಳಲಿಲ್ಲ. ಪಟಿಯಾಲಾದ ಮಹಾರಾಜರಿಗೆ ಮನವಿ ಕೊಟ್ಟರು. ಮತ್ತೊಮ್ಮೆ ಕುಸ್ತಿ ಆಡಿಸಿದರು. ಈ ಸಲ ಅಂಕದ ತಂಟೆಯೇ ಬೇಡವೆಂದು ಎದುರಾಳಿಯನ್ನು ಕೆಡವಿಯೇ ಆಯ್ಕೆಯಾದರು.

ಆಯ್ಕೆ ಆಯಿತು, ಹಣ ಎಲ್ಲಿಂದ? ಮುಂಬೈ ಸರ್ಕಾರದ ಮುಖ್ಯಮಂತ್ರಿ ಮೊರಾರ್ಜಿ ದೇಸಾಯಿ ಅವರನ್ನು ಕೇಳಿದರೆ ಒಲಿಂಪಿಕ್ಸ್ ಮುಗಿದ ಮೇಲೆ ಬಾ ಎನ್ನುವ ಅರ್ಥದ ಉತ್ತರ ಬಂತು. ಮನೆಯವರು, ಊರವರು, ಅಂಗಡಿಕಾರರು ಕೈಲಾದಷ್ಟು ಕೂಡಿಸಿದರು. ಸಾಲಲಿಲ್ಲ. ಆಗ ಪ್ರಿನ್ಸಿಪಾಲ್ ಖರ್ಡೇಕರ್ ತಮ್ಮ ಸ್ವಂತ ಮನೆಯನ್ನು ಕೊಲ್ಲಾಪುರದ ಬ್ಯಾಂಕಿನಲ್ಲಿ ಅಡವಿಟ್ಟು 7,000 ರೂಪಾಯಿ ತಂದುಕೊಟ್ಟರು. ಈ ಸಾಲು ಓದಿದ ದಿನ ನಾನು ಫೋನ್ ಬದಿಗಿಟ್ಟು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಸಂಬಂಧಿಯಲ್ಲ, ಬಳಗವಲ್ಲ, ಕಾಲೇಜಿನ ಒಬ್ಬ ಹುಡುಗನಿಗಾಗಿ ಮನೆ ಅಡವು. ಅವ್ವನ ಕೊರಳು ನೆನಪಾಯಿತು.

1952ರ ಜುಲೈ. ಆಗ ಸೋತರೆ ಮನೆಗೆ ಎನ್ನುವ ಪದ್ಧತಿ ಇರಲಿಲ್ಲ. ಕುಸ್ತಿಯ ಫಲಿತಾಂಶ ನೋಡಿ ದಂಡದ ಅಂಕ ಹಾಕುತ್ತಿದ್ದರು, ಐದು ಅಂಕ ಆದವನು ಹೊರಗೆ. ಖಾಶಾಬಾ ಕೆನಡಾದ ಆಡ್ರಿಯನ್ ಪೊಲಿಕ್ವಿನ್, ಮೆಕ್ಸಿಕೊದ ಲಿಯೊನಾರ್ಡೊ ಬಸುರ್ತೊ, ಜರ್ಮನಿಯ ಫರ್ಡಿನಾಂಡ್ ಸ್ಮಿಟ್ಸ್ ಅವರನ್ನು ಸೋಲಿಸಿ ಮುಂದೆ ಹೋದರು. ನಂತರ ಎದುರಿಗೆ ಬಂದವರು ಜಪಾನಿನ ಶೊಹಾಚಿ ಇಶಿಯಿ. ಆ ಕುಸ್ತಿ ಹದಿನೈದು ನಿಮಿಷಕ್ಕೂ ಮಿಕ್ಕಿ ಎಳೆಯಿತು. ಕೂದಲೆಳೆಯಲ್ಲಿ ಇಶಿಯಿ ಗೆದ್ದರು.

ಬೆವರು ಆರುವ ಮೊದಲೇ ಸೋವಿಯತ್ ಒಕ್ಕೂಟದ ರಶೀದ್ ಮಮ್ಮದ್‌ಬೆಯೊವ್ ಜೊತೆ ಆಡಲು ಕರೆದರು. ಎರಡು ಕುಸ್ತಿಗಳ ನಡುವೆ ಅರ್ಧ ತಾಸು ವಿಶ್ರಾಂತಿ ಇರಬೇಕು ಎಂಬ ನಿಯಮವಿತ್ತಂತೆ. ಅದನ್ನು ಎತ್ತಿ ಹೇಳಲು ಭಾರತದ ಒಬ್ಬ ಅಧಿಕಾರಿಯೂ ಅಲ್ಲಿರಲಿಲ್ಲ. ದಣಿದ ಮೈಯಲ್ಲೇ ಆಡಿ ಸೋತರು. ಇಶಿಯಿಗೆ ಚಿನ್ನ, ಮಮ್ಮದ್‌ಬೆಯೊವ್‌ಗೆ ಬೆಳ್ಳಿ, ಖಾಶಾಬಾಗೆ ಕಂಚು. ಅಂದು ಜುಲೈ 23.

ಅದೇ ವರ್ಷದ ಜಪಾನಿನ ಇನ್ನೊಂದು ಸಂಗತಿ ಓದಿ ನನಗೆ ಆಶ್ಚರ್ಯವಾಯಿತು. ಯುದ್ಧದಲ್ಲಿ ಸೋತು, ಅಮೆರಿಕದ ಆಡಳಿತದಲ್ಲಿದ್ದ ಜಪಾನ್ ಏಪ್ರಿಲ್ 28ರಂದು ಮತ್ತೆ ಸ್ವತಂತ್ರವಾಯಿತು. ಮೂರು ವಾರದಲ್ಲಿ, ಮೇ 19ರಂದು, ಯೋಶಿಯೊ ಶಿರಾಯಿ ಎಂಬ ಬಾಕ್ಸರ್ ಟೋಕಿಯೊದಲ್ಲಿ ಹವಾಯಿಯ ಡಾಡೊ ಮರಿನೊ ಅವರನ್ನು ಹದಿನೈದು ಸುತ್ತಿನಲ್ಲಿ ಸೋಲಿಸಿ ಫ್ಲೈವೇಟ್ ವಿಶ್ವ ಚಾಂಪಿಯನ್ ಆದರು. ಬಾಕ್ಸಿಂಗ್‌ನಲ್ಲಿ ಜಪಾನಿನ ಮೊದಲ ವಿಶ್ವ ಚಾಂಪಿಯನ್ ಅವರೇ, ತೂಕ 51 ಕಿಲೋ ಒಳಗೆ. ಎರಡು ತಿಂಗಳ ನಂತರ ಇಶಿಯಿ ತಂದ ಚಿನ್ನ ಆ ಒಲಿಂಪಿಕ್ಸ್‌ನಲ್ಲಿ ಜಪಾನಿಗೆ ಸಿಕ್ಕ ಏಕೈಕ ಚಿನ್ನ. ಹಸಿದ ದೇಶಗಳು ಹಗುರ ತೂಕದ ಹುಡುಗರಿಂದಲೇ ಎದ್ದು ನಿಂತವೇನೋ ಅನ್ನಿಸುತ್ತದೆ. ಶಿರಾಯಿ ಹಿಂದೆಯೂ ಒಬ್ಬ ಮೇಷ್ಟ್ರಂಥವರಿದ್ದರು. ಆಲ್ವಿನ್ ಕಾನ್ ಎಂಬ ಅಮೆರಿಕದ ಜೀವವಿಜ್ಞಾನಿ. ಯುದ್ಧದ ನಂತರ ಊಟಕ್ಕೂ ಕಷ್ಟವಿದ್ದ ದಿನಗಳಲ್ಲಿ ಈ ಹುಡುಗನಿಗೆ ಅನ್ನ, ತಾಲೀಮು ಎರಡನ್ನೂ ನೋಡಿಕೊಂಡವರು. ಟೋಕಿಯೊದಲ್ಲಿ ಕಾನ್, ಕೊಲ್ಲಾಪುರದಲ್ಲಿ ಖರ್ಡೇಕರ್. ರಿಂಗಿನಲ್ಲಿ, ಅಖಾಡದಲ್ಲಿ ಕಾಣುವವನು ಒಬ್ಬನೇ. ಅವನನ್ನು ಅಲ್ಲಿಗೆ ಕಳಿಸಿದವರು ಕಾಣುವುದಿಲ್ಲ.

ಖಾಶಾಬಾ ಊರಿಗೆ ಬಂದಾಗ ನೂರಕ್ಕೂ ಹೆಚ್ಚು ಎತ್ತಿನ ಗಾಡಿಗಳು ಸ್ಟೇಶನ್ನಿಗೆ ಹೋಗಿದ್ದವು. ಹದಿನೈದು ನಿಮಿಷದ ದಾರಿಗೆ ಮೆರವಣಿಗೆ ಸುಮಾರು ಏಳು ತಾಸು ತೆಗೆದುಕೊಂಡಿತು. ಕಾರಹುಣ್ಣಿಮೆಗೆ ಎತ್ತು ಮೆರೆಸುವ ನಮಗೆ ಆ ದೃಶ್ಯ ಕಣ್ಣಿಗೆ ಕಟ್ಟುತ್ತದೆ. ಆದರೆ ನನಗೆ ಹೆಚ್ಚು ಹಿಡಿಸಿದ್ದು ಮೆರವಣಿಗೆಯಲ್ಲ, ಅದರ ನಂತರದ್ದು. ಹಾರ ತೆಗೆದಿಟ್ಟ ಖಾಶಾಬಾ ಕೊಲ್ಲಾಪುರದಲ್ಲಿ ಕುಸ್ತಿ ಆಡಿ, ಗೆದ್ದ ಹಣವನ್ನು ಪ್ರಿನ್ಸಿಪಾಲರಿಗೆ ಕೊಟ್ಟು ಅವರ ಮನೆ ಬಿಡಿಸಿದರು.

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಆ ಸಲ ಹಾಕಿ ತಂಡವೂ ಚಿನ್ನ ಗೆದ್ದಿತ್ತು. ಆ ಬೆಳಕಿನಲ್ಲಿ ಕಂಚು ಮಂಕಾಯಿತು. 1955ರಲ್ಲಿ ಖಾಶಾಬಾ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಆದರು. ಮೊಣಕಾಲಿನ ಗಾಯದಿಂದ 1956ರ ಒಲಿಂಪಿಕ್ಸ್ ತಪ್ಪಿತು. ಇಲಾಖೆಯ ಹುಡುಗರಿಗೆ ಕ್ರೀಡೆ ಕಲಿಸುತ್ತ 27 ವರ್ಷ ದುಡಿದು ಸಹಾಯಕ ಪೊಲೀಸ್ ಆಯುಕ್ತರಾಗಿ ನಿವೃತ್ತರಾದರು. ಪಿಂಚಣಿಗಾಗಿ ಅಲೆದಾಡಬೇಕಾಯಿತು. 1982ರ ದೆಹಲಿ ಏಷ್ಯನ್ ಗೇಮ್ಸ್ ಜ್ಯೋತಿ ಓಟದಲ್ಲಿ ಅವರನ್ನು ಕರೆದದ್ದೇ ದೊಡ್ಡ ಗೌರವ. 1984ರ ಆಗಸ್ಟ್ 14ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ 58 ವರ್ಷ.

ಸತ್ತ ಮೇಲೆ ಒಂದೊಂದಾಗಿ ಬಂದವು. ಮಹಾರಾಷ್ಟ್ರದ ಶಿವ ಛತ್ರಪತಿ ಪ್ರಶಸ್ತಿ, ಆಮೇಲೆ ಅರ್ಜುನ ಪ್ರಶಸ್ತಿ, 2010ರ ಕಾಮನ್‌ವೆಲ್ತ್ ಗೇಮ್ಸ್ ಹೊತ್ತಿಗೆ ದೆಹಲಿಯ ಕುಸ್ತಿ ಕ್ರೀಡಾಂಗಣಕ್ಕೆ ಅವರ ಹೆಸರು. ಊರಲ್ಲಿ ಕುಸ್ತಿ ಅಕಾಡೆಮಿ ಮಾಡುತ್ತೇವೆಂಬ ಸರ್ಕಾರದ ಭರವಸೆ ಮಾತ್ರ ಭರವಸೆಯಾಗಿಯೇ ಉಳಿದು, 2017ರಲ್ಲಿ ಕುಟುಂಬದವರು ಪದಕವನ್ನೇ ಹರಾಜಿಗಿಟ್ಟು ಹಣ ಕೂಡಿಸುವುದಾಗಿ ಹೇಳಬೇಕಾಯಿತು. ಅವರ ಕಂಚಿನ ನಂತರ ಭಾರತಕ್ಕೆ ಮತ್ತೊಂದು ವೈಯಕ್ತಿಕ ಪದಕ ಬರಲು 44 ವರ್ಷ ಬೇಕಾಯಿತು, 1996ರಲ್ಲಿ ಟೆನಿಸ್‌ನ ಲಿಯಾಂಡರ್ ಪೇಸ್ ಅವರಿಂದ. ಕುಸ್ತಿಯಲ್ಲಂತೂ 2008ರಲ್ಲಿ ಸುಶೀಲ್ ಕುಮಾರ್ ಗೆಲ್ಲುವವರೆಗೆ, 56 ವರ್ಷ.

ಗೆಳೆಯರೆ, ಇದನ್ನೆಲ್ಲ ಓದಿ ನನ್ನ ಬ್ಯಾಕ್ ವಿಷಯಗಳು ತಾವಾಗಿ ಪಾಸಾಗಲಿಲ್ಲ. ಕಷ್ಟಪಟ್ಟರೆ ಫಲ ಸಿಕ್ಕೇ ಸಿಗುತ್ತದೆ ಎಂದು ಖಾಶಾಬಾ ಅವರ ಬದುಕು ಹೇಳುವುದೂ ಇಲ್ಲ. ಅವರಿಗೆ ಸಿಗಬೇಕಾದ್ದು ಬದುಕಿದ್ದಾಗ ಸಿಗಲಿಲ್ಲ. ನನಗೆ ತಿಳಿದದ್ದು ಇಷ್ಟೇ. ಇನ್ನೊಬ್ಬರು ತಮ್ಮ ಮನೆಯನ್ನೋ ಸರವನ್ನೋ ಅಡವಿಟ್ಟು ನಮ್ಮನ್ನು ಅಖಾಡಕ್ಕೆ ಇಳಿಸಿದ ಮೇಲೆ, ಅರ್ಧಕ್ಕೆ ಎದ್ದು ಬಂದು ಆ ಸಾಲ ತೀರಿಸಲಾಗದು. ಬೆನ್ನು ನೆಲಕ್ಕೆ ಹತ್ತುವವರೆಗೂ ಆಡಬೇಕು. ಗೆದ್ದರೆ ಮೊದಲು ಮನೆ ಬಿಡಿಸಬೇಕು.

ಸಕ್ಕರೆ ಕಾರ್ಖಾನೆಯ ಲೆಕ್ಕವನ್ನು ಹಾಳೆಯಿಂದ ಹರಿದು ಹಾಕಿದೆ. ಐದನೇ ಸೆಮಿಸ್ಟರಿನಲ್ಲಿ ಒಂದು ವಿಷಯ ತೆಗೆದಿದ್ದೇನೆ. ಗಣಿತ ಇನ್ನೂ ಬಾಕಿ ಇದೆ, ಮುಂದಿನ ತಿಂಗಳು ಪರೀಕ್ಷೆ. ಊರಿಗೆ ಬಂದಾಗ ನಸುಕಿನಲ್ಲಿ ಗರಡಿಗೆ ಹೋಗುತ್ತೇನೆ. ಗೋಡೆಯ ಮೇಲಿನ ಆ ಚಿತ್ರಕ್ಕೆ ಈಗ ಕಾಕಾ ಗಾಜು ಹಾಕಿಸಿದ್ದಾರೆ. ಅದರ ಕೆಳಗೆ ಹೆಸರು, ಊರು, ಇಸವಿ ಬರೆಯುವ ಕೆಲಸ ನನಗೆ ಬಂತು. ನನ್ನ ನಂತರ ಲಂಗೋಟಿ ಕಟ್ಟುವ ಹುಡುಗರು ನನ್ನಂತೆ ಆರು ವರ್ಷ ಕೇಳದೆ ಇರುವುದು ಬೇಡ.